ಸೀಜ್ ಆದ ಕಾರುಗಳ ಹರಾಜು: ಹೊಸಕೋಟೆ ಕಡೆಯ ಯಾರ್ಡ್ ಹೇಗಿದೆ?

ಐದಕ್ಕೆ ಮೂರು ಸ್ಟಾರ್. ಮೂರೂ ರೇಟಿಗೆ. ಉಳಿದೆರಡು ಹೋಗಿದ್ದು ಕಾಗದಪತ್ರದಲ್ಲಿ.

ಸಾಲದ ಕಂತು ಕಟ್ಟದವರಿಂದ ಬ್ಯಾಂಕು, ಫೈನಾನ್ಸ್‌ನವರು ಎಳೆದು ತಂದ ಗಾಡಿಗಳನ್ನು ಇಲ್ಲಿ ನಿಲ್ಲಿಸಿ ಆನ್‌ಲೈನ್‌ನಲ್ಲಿ ಹರಾಜು ಹಾಕುತ್ತಾರೆ. ನಾನು ತಗೊಂಡಿದ್ದು ಒಂದು ಹಳೆ ಸ್ವಿಫ್ಟ್. ಅದೇ ವರ್ಷದ ಗಾಡಿಗೆ ಡೀಲರ್‌ಗಳು ಹೇಳುತ್ತಿದ್ದ ರೇಟಿಗಿಂತ ಚೆನ್ನಾಗಿಯೇ ಕಮ್ಮಿಗೆ ಬಂತು. ಆದರೆ ಕೂಗಿದ ದುಡ್ಡಿಗೇ ಮುಗಿಯುವುದಿಲ್ಲ. ಹರಾಜಿನವರ ಫೀಸು, ಅದರ ಮೇಲೆ ಜಿಎಸ್‌ಟಿ, ಎತ್ತಿಕೊಂಡು ಹೋಗುವುದು ತಡವಾದರೆ ಪಾರ್ಕಿಂಗ್ ಬಾಡಿಗೆ, ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತು ಬ್ಯಾಟರಿ ಸತ್ತಿರುತ್ತದಲ್ಲ, ಅದಕ್ಕೆ ಟೋಯಿಂಗ್, ಹೊಸ ಬ್ಯಾಟರಿ, ಟೈರು. ಇಷ್ಟನ್ನೂ ಕೂಡಿಸಿಕೊಂಡೇ ಬಿಡ್ ಮಾಡಿ.

ಗಾಡಿ ನೋಡಲು ಬಿಡುತ್ತಾರೆ, ಓಡಿಸಲು ಬಿಡುವುದಿಲ್ಲ. ಇದ್ದಲ್ಲಿ ಇದ್ದ ಹಾಗೇ ಮಾರಾಟ, ಆಮೇಲೆ ದೂರು ಕೇಳುವವರಿಲ್ಲ. ಹಾಗಾಗಿ ಗೊತ್ತಿರುವ ಮೆಕ್ಯಾನಿಕ್ ಜೊತೆಗಿರಲೇಬೇಕು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರು ಮುಳುಗಿದ್ದು ನೆನಪಿದೆ ಅಲ್ವಾ? ಅಂಥ ಗಾಡಿ ಹೊರಗಿಂದ ಫಳಫಳ ಹೊಳೆಯುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯಲ್ಲಿ ಕೆಸರಿನ ಕಲೆ ಇದೆಯಾ ನೋಡಿ, ಸೀಟಿನ ಕೆಳಗಿನ ಕಂಬಿ ತುಕ್ಕು ಹಿಡಿದಿದೆಯಾ ಅಂತ ಟಾರ್ಚ್ ಹಾಕಿ ನೋಡಿ, ಮ್ಯಾಟ್ ಎತ್ತಿ ಮೂಸಿ. ನಮ್ಮ ಮೆಕ್ಯಾನಿಕ್ ಇದನ್ನೇ ಮಾಡಿ ಚೆಂದದ ಒಂದು ಬಿಳಿ ಸೆಡಾನ್ ಬೇಡವೇ ಬೇಡ ಅಂದ.

ಈಗ ಕಾಗದದ ಕಥೆ. ಹಳೆ ಓನರ್ ಸಿಟ್ಟಲ್ಲಿ ಆರ್‌ಸಿ ಕೊಡದೇ ಹೋದರೆ, ಫೈನಾನ್ಸ್‌ನವರು ಆರ್‌ಟಿಒದಲ್ಲಿ ಫಾರಂ 36 ಹಾಕಿ ತಮ್ಮ ಹೆಸರಿಗೆ ಹೊಸ ಆರ್‌ಸಿ ಮಾಡಿಸಬೇಕು, ಆಮೇಲೆ 29, 30 ಫಾರಂನಲ್ಲಿ ಅದು ನಮ್ಮ ಹೆಸರಿಗೆ ಬರಬೇಕು. ಆರ್‌ಸಿ ಸಿಕ್ಕಿದ್ದರೂ ಸಾಲದ ನಮೂದು ತೆಗೆಸಲು ಫಾರಂ 35 ಬೇಕು. ಇದನ್ನು ಬಿಡ್‌ಗೆ ಮುಂಚೆ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಕೇಳಿದರೆ "ಎಲ್ಲಾ ಆಗುತ್ತೆ ಸಾರ್, ಮುಂದಿನ ವಾರ". ಆ ಮುಂದಿನ ವಾರ ಬರುತ್ತಲೇ ಇತ್ತು. ದುಡ್ಡು ಕಟ್ಟಿ ಆಗಿದೆ, ಗಾಡಿ ಮನೆ ಮುಂದೆ ಸುಮ್ನೆ ನಿಂತಿದೆ. ಯಾವ ಪೇಪರ್ ಕೈಯಲ್ಲಿದೆ, ಯಾವುದು ಬರಬೇಕು ಅನ್ನುವುದನ್ನು ಇಮೇಲ್‌ನಲ್ಲೇ ಬರೆಸಿಕೊಂಡಿದ್ದೆ. ಕೊನೆಗೆ ಕೆಲಸ ಮಾಡಿದ್ದು ಅದೇ. ಫೈನಾನ್ಸ್‌ನವರ ಮೇಲಿನ ಆಫೀಸಿಗೆ ಅದನ್ನು ಕಳಿಸಿದ ಮೇಲೆ ಫೈಲ್ ಓಡಿತು.

ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಇನ್ಶೂರೆನ್ಸ್, ಸಾಲ, ಬ್ಲ್ಯಾಕ್‌ಲಿಸ್ಟ್ ನೋಡಿಕೊಳ್ಳಿ. ಗಾಡಿಯ ಮೇಲಿರುವ ಚಾಸಿ ನಂಬರ್ ಪೇಪರ್‌ಗೆ ತಾಳೆ ಆಗಬೇಕು. ಟ್ರಾಫಿಕ್ ದಂಡ ಎಷ್ಟು ಬಾಕಿ ಅಂತ ಬೆಂಗಳೂರು ಒನ್ ಸೇವಾ ಕೇಂದ್ರದಲ್ಲಿ ವಿಚಾರಿಸಿ, ಯಾರೋ ಸಿಗ್ನಲ್ ಹಾರಿದ್ದಕ್ಕೆ ನೀವ್ಯಾಕೆ ಕಟ್ಟಬೇಕು?

ಯಾರ್ಡ್‌ನ ಹುಡುಗರು ಒಳ್ಳೆಯವರು, ಕೇಳಿದರೆ ಬಾನೆಟ್ ತೆಗೆದು ಸ್ಟಾರ್ಟ್ ಮಾಡಿ ತೋರಿಸುತ್ತಾರೆ. ನೆರಳಿಲ್ಲ, ಕುಡಿಯುವ ನೀರಿಲ್ಲ. ಶನಿವಾರ ಡೀಲರ್‌ಗಳ ಗಲಾಟೆ ಜಾಸ್ತಿ, ವಾರದ ನಡುವೆ ಬೆಳಗ್ಗೆ ಹೋಗಿ. ನಾಳೆಯೇ ಓಡಿಸಲು ಗಾಡಿ ಬೇಕು ಅನ್ನುವವರು ಇಲ್ಲಿಗೆ ಬರಬೇಡಿ.