ಡ್ವಾರ್ಫ್ ಫೋರ್ಟ್ರೆಸ್: ಆಡುವುದಕ್ಕಲ್ಲ, ಡಂಜನ್‌ಗಳಿಗೆ ಹೆಸರು ಹುಡುಕುವುದಕ್ಕೆ

ಡ್ವಾರ್ಫ್ ಫೋರ್ಟ್ರೆಸ್ ಎಂಬ ಈ ಕಂಪ್ಯೂಟರ್ ಆಟದ ಬಗ್ಗೆ ವಿಮರ್ಶೆಗಳಿಗೇನೂ ಬರವಿಲ್ಲ. ಇದು ಅದನ್ನು ಹೆಸರು ಹುಟ್ಟಿಸುವ ಯಂತ್ರವಾಗಿ ಮಾತ್ರ ನೋಡುವ ವಿಮರ್ಶೆ. ಟೇಬಲ್‌ಟಾಪ್ ಆಟ ನಡೆಸುವವರಿಗೆ, ಫ್ಯಾಂಟಸಿ ಕತೆ ಬರೆಯುವವರಿಗೆ, ಅವರ ಡಂಜನ್‌ಗಳಿಗೆ, ಅಂದರೆ ನೆಲದಡಿಯ ಅಪಾಯದ ತಾಣಗಳಿಗೆ, ಹೆಸರು ಬೇಕಾದಾಗ. ತೀರ್ಪು ಮೊದಲೇ ಹೇಳುವುದಾದರೆ ಐದಕ್ಕೆ ನಾಲ್ಕು. ಇದ್ದ ಹಾಗೇ ಬಳಸಿದರೆ ಎರಡೂವರೆ. ನಡುವಿನ ಒಂದೂವರೆ ಅಂಕ ಪೂರ್ತಿ ನೀವು ಯಾವ ಪದಗಳನ್ನು ಹೊರಗಿಡುತ್ತೀರಿ ಎಂಬುದರ ಮೇಲೆ ನಿಂತಿದೆ.

ಟಾರ್ನ್ ಮತ್ತು ಜ್ಯಾಕ್ ಆಡಮ್ಸ್ ಸೋದರರ ಈ ಆಟ ಮೊದಲು ಹೊರಬಂದದ್ದು 2006ರಲ್ಲಿ. ಚಿತ್ರಗಳಿರುವ ಆವೃತ್ತಿ ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿಯಲ್ಲಿ 2022ರ ಡಿಸೆಂಬರ್‌ನಲ್ಲಿ ಬಂತು. ಹೆಸರಿಗಾಗಿ ಮಾತ್ರ ಬೇಕಿದ್ದರೆ ದುಡ್ಡು ಕೊಡಬೇಕಾಗಿಲ್ಲ, ಉಚಿತ ಕ್ಲಾಸಿಕ್ ಆವೃತ್ತಿ ಧಾರಾಳ ಸಾಕು.

ಆಟ ಒಂದು ಜಗತ್ತನ್ನೂ ಅದರ ಇತಿಹಾಸವನ್ನೂ ತಾನೇ ಹುಟ್ಟಿಸುತ್ತದೆ. ಕೋಟೆ, ಗವಿ, ಗೋರಿ, ಯುದ್ಧ, ರಾಕ್ಷಸ, ಎಲ್ಲಕ್ಕೂ ಹೆಸರಿಡುತ್ತದೆ. ಒಂದು ಫೈಲಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಇಂಗ್ಲಿಷ್ ಪದಗಳಿವೆ. ಪ್ರತಿ ಪದದ ಕೆಳಗೆ ಅದು ಜೋಡಿಪದದ ಮುಂದೆ ಬರಬಹುದೇ, ಹಿಂದೆ ಬರಬಹುದೇ, ಏಕವಚನವೋ ಬಹುವಚನವೋ ಎಂಬ ಗುರುತುಗಳು. ಇನ್ನೊಂದು ಫೈಲಿನಲ್ಲಿ ಅವೇ ಪದಗಳನ್ನು ಭಾವದ ಪ್ರಕಾರ ಗುಂಪು ಮಾಡಿಟ್ಟಿದ್ದಾರೆ: ಭೂಮಿ, ಸಾವು, ಕುಶಲಕರ್ಮ, ಹೂವಿನಂಥ ನಾಜೂಕು, ಕುರೂಪ, ಕೆಡುಕು. ಕುಳ್ಳರು (ಡ್ವಾರ್ಫ್‌ಗಳು), ಎಲ್ಫ್‌ಗಳು, ಮನುಷ್ಯರು, ಗಾಬ್ಲಿನ್‌ಗಳು, ಈ ನಾಲ್ವರಿಗೂ ಒಂದೊಂದು ಭಾಷೆಯ ಫೈಲು. ಕೋಬಾಲ್ಡ್‌ಗಳಿಗೆ ಮಾತ್ರ ಪದಕೋಶವೇ ಇಲ್ಲ, ಬರೀ ಉಲಿ.

ಸಿಗುವ ಫಲ ಎಂಥದ್ದು ಅಂತ ತಿಳಿಯಲು ಈ ಆಟದ ಅತಿ ಪ್ರಸಿದ್ಧ ಕೋಟೆಯನ್ನೇ ನೋಡಬಹುದು: ಬೋಟ್‌ಮರ್ಡರ್ಡ್. ಕುಳ್ಳರ ಭಾಷೆಯಲ್ಲಿ ಕೊಗನುಸಾನ್. ದೋಣಿಗೂ ಕೊಲೆಗೂ ಏನು ಸಂಬಂಧ ಎಂದು ಕೇಳಿದರೆ ಉತ್ತರವಿಲ್ಲ, ಯಂತ್ರ ಕವಡೆ ಎಸೆದಾಗ ಹಾಗೆ ಬಿತ್ತು. ಆದರೆ ಸರದಿಯ ಮೇಲೆ ಹಲವರು ಆಡಿದ ಆ ಕೋಟೆಯಲ್ಲಿ ಆನೆಗಳ ದಾಳಿ, ಲಾವಾ ಪ್ರವಾಹ ಎಲ್ಲ ಆಗಿ, ಹೆಸರು ಜನರ ಬಾಯಲ್ಲಿ ನಿಂತಿತು. ಕತ್ತಲೆ, ನೆರಳು, ಸಾವು, ರಕ್ತ ಈ ನಾಲ್ಕನ್ನೇ ತಿರುವಿಹಾಕುವ ಸಾಮಾನ್ಯ ಹೆಸರು ಜನರೇಟರ್‌ಗಳಿಗಿಂತ ಇದು ಎಷ್ಟೋ ಮೇಲು ಎನ್ನುವುದು ಇದೇ ಕಾರಣಕ್ಕೆ. ಕೈಗೆ ಸಿಗುವ ಒಂದು ವಸ್ತು, ಅದಕ್ಕೆ ಆದ ಒಂದು ಅನಿರೀಕ್ಷಿತ ಗತಿ. ‘ಕತ್ತಲ ಗವಿ’ ಎಂದರೆ ಆಟಗಾರರು ದೀಪ ಹಚ್ಚಿಕೊಂಡು ಒಳಗೆ ಹೋಗುತ್ತಾರೆ. ‘ಗಂಟೆ ಮುಳುಗಿದ ಮಡು’ ಎಂದರೆ ಯಾವ ಗಂಟೆ, ಯಾರು ಮುಳುಗಿಸಿದರು ಎಂದು ಮೊದಲು ಕೇಳುತ್ತಾರೆ.

ಈಗ ಸೋಸುವ ಕೆಲಸ. ಪ್ರತಿ ಜನಾಂಗದ ಎಂಟಿಟಿ ಫೈಲಿನಲ್ಲಿ ‘ಸೆಲೆಕ್ಟ್ ಸಿಂಬಲ್’, ‘ಕಲ್ ಸಿಂಬಲ್’ ಎಂಬ ಸಾಲುಗಳಿರುತ್ತವೆ. ಮೊದಲನೆಯದು ಯಾವ ಗುಂಪಿನಿಂದ ಪದ ಆರಿಸಬೇಕು ಎನ್ನುತ್ತದೆ, ಎರಡನೆಯದು ಯಾವ ಗುಂಪನ್ನು ಮುಟ್ಟಬಾರದು ಎನ್ನುತ್ತದೆ. ಕುಳ್ಳರಿಗೆ ಮೂಲದಲ್ಲೇ ಭೂಮಿ ಮತ್ತು ಕುಶಲಕರ್ಮದ ಗುಂಪುಗಳನ್ನು ಆರಿಸಿ, ಕೆಡುಕು, ಕುರೂಪ, ನಾಜೂಕಿನ ಗುಂಪುಗಳನ್ನು ಹೊರಗಿಟ್ಟಿದ್ದಾರೆ. ಡಂಜನ್ ಹೆಸರಿಗೆ ಇದನ್ನು ಸ್ವಲ್ಪವೇ ತಿರುಗಿಸಿ: ಕುರೂಪದ ಮೇಲಿನ ನಿಷೇಧ ತೆಗೆಯಿರಿ, ಕೆಡುಕಿನ ಮೇಲಿನದು ಹಾಗೇ ಇರಲಿ. ಕೆಡುಕಿನ ಗುಂಪು ಒಳಗೆ ಬಂದರೆ ಹತ್ತರಲ್ಲಿ ಏಳು ಹೆಸರು ಒಂದೇ ರಾಗ ಹಾಡುತ್ತವೆ. ಹಾಗಂತ ಒಂದೇ ಗುಂಪಿಗೆ ಕಟ್ಟಿಹಾಕಲೂ ಬಾರದು. ಒಂದು ಗುಂಪಿನಲ್ಲಿ 30 ಪದಗಳಿದ್ದರೆ ಕಾಗದದ ಮೇಲೆ 900 ಜೋಡಿ, ಆದರೆ ಎಲ್ಲ ಪದಕ್ಕೂ ಮುಂದೆ-ಹಿಂದೆ ಎರಡೂ ಕಡೆ ಬರುವ ಗುರುತಿರುವುದಿಲ್ಲ. ಕೂಡಲೇ ಪುನರಾವರ್ತನೆ ಕಾಣುತ್ತದೆ.

ಬದಲಾವಣೆ ಮಾಡುವ ಕ್ರಮ ಹೀಗೆ. ಆಟದ ಮೂಲ ಫೈಲುಗಳಿರುವ ‘ವೆನಿಲ್ಲಾ’ ಫೋಲ್ಡರಿನೊಳಗೇ ತಿದ್ದಬೇಡಿ, ಅಪ್‌ಡೇಟ್ ಬಂದಾಗ ಎಲ್ಲ ಅಳಿಸಿಹೋಗುತ್ತದೆ. ಬೇಕಾದ ಫೋಲ್ಡರನ್ನು ಮಾಡ್‌ಗಳ (ಆಟಗಾರರು ಮಾಡಿದ ಮಾರ್ಪಾಡುಗಳ) ‘ಮಾಡ್ಸ್’ ಫೋಲ್ಡರಿಗೆ ಪ್ರತಿ ಮಾಡಿ, ಅದರ ಇನ್ಫೋ ಫೈಲಿನಲ್ಲಿ ಐಡಿ ಮತ್ತು ಹೆಸರು ಬದಲಿಸಿ. ಹೊಸ ಜಗತ್ತು ಹುಟ್ಟಿಸುವಾಗ ಮಾಡ್ ಪಟ್ಟಿಯಲ್ಲಿ ಮೂಲವನ್ನು ತೆಗೆದು ನಿಮ್ಮದನ್ನು ಸೇರಿಸಿ. ಎರಡನ್ನೂ ಪಟ್ಟಿಯಲ್ಲಿ ಉಳಿಸಿದರೆ ಒಂದೇ ವಸ್ತು ಎರಡು ಸಲ ಓದಿಸಿಕೊಂಡು ಎರರ್‌ಲಾಗ್ (ತಪ್ಪುಗಳ ದಾಖಲೆ) ತುಂಬುತ್ತದೆ. ಹಳೆಯ ಜಗತ್ತಿನ ಹೆಸರುಗಳು ಬದಲಾಗುವುದಿಲ್ಲ, ಪ್ರತಿ ತಿದ್ದುಪಡಿಗೂ ಹೊಸ ಜಗತ್ತು ಬೇಕು. ಫೈಲಿನ ಮೊದಲ ಸಾಲಿನಲ್ಲಿ ಫೈಲಿನದೇ ಹೆಸರು ಎಕ್ಸ್‌ಟೆನ್ಶನ್ ಇಲ್ಲದೆ ಇರಲೇಬೇಕು. ಫೈಲಿನ ಹೆಸರು ಬದಲಿಸಿ ಒಳಗಿನ ಸಾಲು ಮರೆಯುವುದು ಮಾಮೂಲಿ ತಪ್ಪು.

ಜಗತ್ತಿನ ಗಾತ್ರ 17×17ರಿಂದ 257×257ರ ವರೆಗೆ ಸಿಗುತ್ತದೆ. ದೊಡ್ಡದಕ್ಕೆ ಆಸೆಪಡಬೇಡಿ. ಸಮಯವೂ ಮೆಮೊರಿಯೂ ಹೋಗುತ್ತದೆ, ರಫ್ತು ಮಾಡಿದ ಫೈಲು ತೆರೆಯಲು ಎಡಿಟರ್ ಏದುಸಿರು ಬಿಡುತ್ತದೆ. ಚಿಕ್ಕ ಗಾತ್ರದಲ್ಲಿ ಹಲವು ಜಗತ್ತು ಹುಟ್ಟಿಸುವುದೇ ಜಾಣತನ. ಆಮೇಲೆ ಆ ಜಗತ್ತಿನ ಇತಿಹಾಸ ತೋರಿಸುವ ಲೆಜೆಂಡ್ಸ್ ಮೋಡ್‌ಗೆ ಹೋಗಿ ಅದನ್ನು ಎಕ್ಸ್‌ಎಂಎಲ್ ಎಂಬ ಪಠ್ಯ ಫೈಲಾಗಿ ರಫ್ತು ಮಾಡಿ. ಪ್ರತಿ ತಾಣಕ್ಕೂ ಬಗೆ, ಹೆಸರು, ನಿರ್ದೇಶಾಂಕ ಸಿಗುತ್ತವೆ. ಗವಿ, ಗೋರಿ, ಕೋಟೆ ಎಂದು ಸೋಸಿಕೊಳ್ಳಿ. ಯುದ್ಧ, ಮುತ್ತಿಗೆಗಳ ಹೆಸರನ್ನೂ ಬಿಡಬೇಡಿ, ಒಳಗಿನ ಕೋಣೆಗಳಿಗೆ ಅವು ಚೆನ್ನಾಗಿ ಒಪ್ಪುತ್ತವೆ. ಆ ತಾಣ ಯಾಕೆ ಪಾಳುಬಿತ್ತು ಎಂಬುದೂ ಅಲ್ಲೇ ದಾಖಲಾಗಿರುತ್ತದೆ. ಬೇರೆ ಯಾವ ಹೆಸರು ಜನರೇಟರ್‌ನಲ್ಲೂ ಇದನ್ನು ನಿರೀಕ್ಷಿಸುವ ಹಾಗಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ತೊಡಕು ಇಲ್ಲಿಂದ ಶುರು. ಆಟದ ಫೈಲುಗಳು ಸಿಪಿ437 ಎಂಬ ಹಳೆಯ ಅಕ್ಷರ ಸಂಕೇತದಲ್ಲಿವೆ. ಯುನಿಕೋಡ್ ಇಲ್ಲ, ಹಾಗಾಗಿ ಕನ್ನಡ ಲಿಪಿ ಸಾಧ್ಯವೇ ಇಲ್ಲ. ಯುಟಿಎಫ್-8ರಲ್ಲಿ ಸೇವ್ ಮಾಡಿದರೆ ಮೂಲದಲ್ಲಿರುವ, ಮೇಲೆ ಚಿಹ್ನೆ ಹೊತ್ತ ಲ್ಯಾಟಿನ್ ಅಕ್ಷರಗಳೂ ಕಸವಾಗುತ್ತವೆ. ಲ್ಯಾಟಿನ್ ಅಕ್ಷರದಲ್ಲಿ ಕನ್ನಡ ಪದ ಹಾಕಬಹುದು, ಆದರೆ ದೀರ್ಘಸ್ವರದ ಅಡ್ಡಗೆರೆಯೂ ಮೂರ್ಧನ್ಯದ ಚುಕ್ಕೆಯೂ ಆ ಸಂಕೇತದಲ್ಲಿಲ್ಲ. ‘ಕಲೆ’, ‘ಕಳೆ’ ಎರಡೂ ಒಂದೇ ಆಗಿಬಿಡುತ್ತವೆ.

ಇನ್ನೂ ದೊಡ್ಡ ತೊಂದರೆ ಸಂಧಿಯದು. ಯಂತ್ರ ಎರಡು ಪದಗಳನ್ನು ಅಂಟಿಸುತ್ತದೆ, ಅಷ್ಟೇ. ಮೂಳೆ, ಕಣಿವೆ ಕೊಟ್ಟರೆ ‘ಮೂಳೆಕಣಿವೆ’ ಬರುತ್ತದೆ, ನಮಗೆ ಬೇಕಾದ ‘ಮೂಳೆಗಣಿವೆ’ ಬರುವುದಿಲ್ಲ. ಕಲ್ಲು, ಉಸಿರು ಸೇರಿ ‘ಕಲ್ಲುಉಸಿರು’ ಆಗುತ್ತದೆ. ಒಂದು ಪದಕ್ಕೆ ಒಂದೇ ರೂಪ ಕೊಡಲು ಅವಕಾಶವಿರುವುದರಿಂದ ಮುಂದೆ ‘ಕಲ್’, ಹಿಂದೆ ‘ಕಲ್ಲು’ ಎಂದು ಎರಡು ರೂಪ ಇಡಲಾಗದು. ಅರ್ಧ ಪರಿಹಾರವೆಂದರೆ ಸ್ವರದಿಂದ ಶುರುವಾಗುವ ಪದಗಳನ್ನೇ ತಪ್ಪಿಸುವುದು: ಎಲುಬಿಗೆ ಬದಲು ಮೂಳೆ, ಆಳಕ್ಕೆ ಬದಲು ತಳ, ಇರುಳಿಗೆ ಬದಲು ಕತ್ತಲೆ. ಗಸಡದಬ (‘ಕಣಿವೆ’ ‘ಗಣಿವೆ’ ಆಗುವಂಥ ಬದಲಾವಣೆ) ಮಾತ್ರ ಕೈಯಿಂದಲೇ ತಿದ್ದಬೇಕು. ಅಚ್ಚಗನ್ನಡ ಪದಗಳನ್ನು ಕುಳ್ಳರ ಫೈಲಿಗೆ, ಸಂಸ್ಕೃತ ಪದಗಳನ್ನು ಎಲ್ಫ್ ಫೈಲಿಗೆ ಹಾಕಿದರೆ ‘ಮೃತ್ಯುಗವಿ’ಯಂಥ ಅರಿಸಮಾಸಗಳ ಕಾಟವಾದರೂ ತಪ್ಪುತ್ತದೆ.

ನಿಜ ಹೇಳಬೇಕೆಂದರೆ ಇಪ್ಪತ್ತು ಮೂವತ್ತು ಹೆಸರು ಬೇಕಾದವರು ಭಾಷೆಯ ಫೈಲಿಗೆ ಕೈ ಹಾಕಲೇಬಾರದು. ಗುಂಪುಗಳನ್ನು ಸೋಸಿ, ಇಂಗ್ಲಿಷ್ ಜೋಡಿಪದಗಳನ್ನು ರಫ್ತು ಮಾಡಿ, ಕನ್ನಡಕ್ಕೆ ಕೈಯಾರೆ ತನ್ನಿ. ರಫ್ತಿನಲ್ಲಿ ಹೆಸರೆಲ್ಲ ಸಣ್ಣಕ್ಷರದಲ್ಲಿ ಒಂದೇ ಪದವಾಗಿ ಬರುತ್ತದೆ, ಎಲ್ಲಿ ಒಡೆಯಬೇಕೆಂದು ನೀವೇ ನೋಡಬೇಕು. ಅದನ್ನು ಪದಕ್ಕೆ ಪದ ಇಳಿಸಿದರೆ ‘ದೋಣಿಕೊಲೆ’ಯಂತೆ ಕುಂಟುತ್ತದೆ. ಕ್ರಿಯೆಯನ್ನು ‘ಮುಳುಗಿದ’ ಥರದ ಕೃದಂತ ಮಾಡಿ, ಕೊನೆಗೊಂದು ಜಾಗದ ಹೆಸರು ಸೇರಿಸಿ. ಈ ಮೂರನೆಯ ತುಂಡನ್ನು ಆಟ ಕೊಡುವುದಿಲ್ಲ, ನಿಮ್ಮ ಬಳಿ ಪಟ್ಟಿ ಇರಬೇಕು: ಕಿಂಡಿ, ಮಡು, ದೊಡ್ಡಿ, ಬತೇರಿ, ಸುರಂಗ, ನೆಲಮಾಳಿಗೆ, ಹಗೇವು. ಹಗೇವನ್ನು ಯಾರೂ ಬಳಸದಿರುವುದು ಆಶ್ಚರ್ಯ. ನೆಲದಡಿಯ ಕಾಳಿನ ಕಣಜ, ಮೇಲೆ ಇಕ್ಕಟ್ಟಾದ ಬಾಯಿ, ಕೆಳಗೆ ಅಗಲವಾದ ಹೊಟ್ಟೆ. ಮುಚ್ಚಿದ್ದನ್ನು ತೆರೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಉಸಿರುಕಟ್ಟುತ್ತದೆ. ‘ಬೀಗ ನುಂಗಿದ ಹಗೇವು’ ಎಂದು ಹೆಸರಿಟ್ಟರೆ ಮೊದಲ ಅಪಾಯ ಹೆಸರಲ್ಲೇ ಇದೆ, ಬೇರೆ ಬಲೆ ಹೂಡಬೇಕಿಲ್ಲ.

ಇನ್ನೊಂದು ಕೊರತೆ: ಮನುಷ್ಯರ ಹೆಸರು ಅಂಟಿಕೊಂಡ ಜಾಗಗಳನ್ನು ಈ ಯಂತ್ರದ ಜೋಡಿಪದಗಳಿಂದ ಪಡೆಯಲಾಗದು. ನಿಜವಾದ ಕೋಟೆಗಳಲ್ಲಿ ನಾಲಿಗೆಯ ಮೇಲೆ ಉಳಿಯುವುದು ಅವೇ. ಚಿತ್ರದುರ್ಗದ ಓಬವ್ವನ ಕಿಂಡಿ ಒಂದು. ಶ್ರೀರಂಗಪಟ್ಟಣದ ಕರ್ನಲ್ ಬೇಲಿ ಬಂದೀಖಾನೆ ಇನ್ನೊಂದು. 1780ರ ಪೊಳ್ಳಿಲೂರು ಕಾಳಗದಲ್ಲಿ ಸೆರೆಸಿಕ್ಕು 1782ರಲ್ಲಿ ಸೆರೆಯಲ್ಲೇ ಸತ್ತ ಅಧಿಕಾರಿಯ ಹೆಸರು ಅದಕ್ಕೆ, ಕಟ್ಟಿಸಿದವರದ್ದಲ್ಲ. ಡಂಜನ್‌ಗೆ ಒಡೆಯನ ಹೆಸರಿಗಿಂತ ಕೈದಿಯ ಹೆಸರು ಹೆಚ್ಚು ಹಿಡಿಯುತ್ತದೆ. ಲೆಜೆಂಡ್ಸ್‌ನಲ್ಲಿ ಆ ತಾಣದಲ್ಲಿ ಸತ್ತವರ ದಾಖಲೆ ತೆಗೆದು, ಅದರಲ್ಲೊಂದು ಹೆಸರನ್ನು ಜಾಗಕ್ಕೆ ಸೇರಿಸಿಕೊಳ್ಳಿ.

ಉದ್ದದ ಬಗ್ಗೆ ಒಂದು ಮಾತು. ಆಟದ ಮೇಜಿನಲ್ಲಿ ಏಳೆಂಟು ಅಕ್ಷರ ದಾಟಿದ ಹೆಸರನ್ನು ಆಟಗಾರರು ತಾವೇ ಕತ್ತರಿಸುತ್ತಾರೆ. ‘ಗಂಟೆ ಮುಳುಗಿದ ಮಡು’ ಎರಡನೇ ವಾರಕ್ಕೆ ‘ಗಂಟೆಮಡು’ ಆಗುತ್ತದೆ. ಕತ್ತರಿಸಿದ ರೂಪ ಇನ್ನೊಂದು ಜಾಗದ್ದರ ಜತೆ ಗೊಂದಲವಾಗದಂತೆ ಮೊದಲೇ ನೋಡಿಕೊಂಡರಾಯಿತು.

ಭಾಷೆಯ ಫೈಲು ಮಾಡಿಯೇ ತೀರುತ್ತೇನೆ ಎನ್ನುವವರು ಆಟದ ಹೊಸ ಆವೃತ್ತಿ ಬಂದಾಗಲೆಲ್ಲ ಪದಗಳ ಮೂಲ ಫೈಲನ್ನು ನಿಮ್ಮದರ ಜತೆ ಹೋಲಿಸಿ. ಅಲ್ಲಿ ಹೊಸ ಪದ ಸೇರಿದ್ದರೆ ನಿಮ್ಮ ಪಟ್ಟಿಯಲ್ಲಿ ಅದಕ್ಕೆ ಜೋಡಿ ಇರುವುದಿಲ್ಲ.