ಮಳೆಗಾಲದ ಕಾರ್ಡು, ದಸರೆಯ ಕಪ್: ವರ್ಲ್ಡ್ ಹ್ಯಾಂಡಿಕ್ಯಾಪ್ ಸಿಸ್ಟಮ್ ಮೂರು ವರ್ಷ ಬಳಸಿದ ಮೇಲೆ

ಗಾಲ್ಫಿನಲ್ಲಿ ಹ್ಯಾಂಡಿಕ್ಯಾಪ್ ಅಂದರೆ ಆಟಗಾರರ ಮಟ್ಟಕ್ಕೆ ತಕ್ಕಂತೆ ಸ್ಕೋರಿನಿಂದ ಕಳೆಯಲು ಸಿಗುವ ಹೊಡೆತಗಳ (ಸ್ಟ್ರೋಕ್) ರಿಯಾಯಿತಿ. ಅದರ ಮೂಲ ಅಂಕಿ ಇಂಡೆಕ್ಸ್: ಇತ್ತೀಚಿನ 20 ಸ್ಕೋರ್ ಕಾರ್ಡ್, ಅದರಲ್ಲಿ ಒಳ್ಳೆಯ 8ರ ಸರಾಸರಿ. ಇಷ್ಟು ಆಡುವವರಿಗೆಲ್ಲ ಗೊತ್ತಿರುವುದರಿಂದ ಮತ್ತೆ ಬಿಡಿಸಿ ಹೇಳುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಹವೆಯಲ್ಲಿ, ಒಂಬತ್ತು ಹೋಲನ್ನೇ ಎರಡು ಸಲ ಸುತ್ತಿ ಹದಿನೆಂಟು ಮಾಡಿಕೊಳ್ಳುವ ಸಣ್ಣ ಕ್ಲಬ್ಬಿನಲ್ಲಿ ಇದು ಎಷ್ಟು ನ್ಯಾಯವಾಗಿ ನಡೆಯುತ್ತದೆ ಅನ್ನುವುದಷ್ಟೇ ಇಲ್ಲಿಯ ಮಾತು. ಈ ವಿಮರ್ಶೆ ಬರೆದದ್ದು ರವಿವಾರ ಮಾತ್ರ ಆಡುವ ಕೈ. ತೀರ್ಪು ಒಂದು ಕಡೆ ವಾಲಿದ್ದರೆ ಅದಕ್ಕೇ.

ಮೊದಲು ಹೊಗಳಿಕೆ. ಹಳೆಯ ವಹಿಯಲ್ಲಿ ಹ್ಯಾಂಡಿಕ್ಯಾಪ್ ಅಂದರೆ ರೇಷನ್ ಕಾರ್ಡಿನ ವಯಸ್ಸಿದ್ದ ಹಾಗೆ, ಒಮ್ಮೆ 18 ಅಂತ ಬರೆದರೆ ವರ್ಷಗಟ್ಟಲೆ 18. ಗಾಲ್ಫಿನ ನಿಯಮ ಬರೆಯುವ ಆರ್ ಅಂಡ್ ಎ ಮತ್ತು ಯುಎಸ್‌ಜಿಎ ಸೇರಿ 2020ರಲ್ಲಿ ತಂದ ಈ ಪದ್ಧತಿಯಲ್ಲಿ ಕಾರ್ಡ್ ಹಾಕಿದ ಮರುದಿನವೇ ಅಂಕಿ ಅಲುಗಾಡುತ್ತದೆ. ಕೋರ್ಸಿನ ಕಷ್ಟವೂ ಲೆಕ್ಕಕ್ಕೆ ಬರುತ್ತದೆ. ಪಾರ್ (ಕೋರ್ಸಿಗೆ ನಿಗದಿಯಾದ ಹೊಡೆತ) 70, ಕೋರ್ಸ್ ರೇಟಿಂಗ್ (ಹ್ಯಾಂಡಿಕ್ಯಾಪ್ ಸೊನ್ನೆಯ ನುರಿತವರಿಗೆ ಬೇಕಾಗುವ ಹೊಡೆತ) 68.4, ಸ್ಲೋಪ್ (ಉಳಿದವರಿಗೆ ಅದು ಎಷ್ಟು ಹೆಚ್ಚು ಕಷ್ಟ ಅನ್ನುವ ಅಂಕಿ, ಸಾಧಾರಣ ಕೋರ್ಸಿಗೆ 113) 118 ಅಂತ ಇಟ್ಟುಕೊಳ್ಳಿ. ಇಂಡೆಕ್ಸ್ 18.6 ಇದ್ದವರಿಗೆ 18.6 ಗುಣಿಸು 118, ಭಾಗಿಸು 113, ಅಂದರೆ 19.4. ಅದರಲ್ಲಿ ರೇಟಿಂಗಿಗೂ ಪಾರಿಗೂ ಇರುವ ವ್ಯತ್ಯಾಸ 1.6 ಕಳೆದರೆ ಕೋರ್ಸ್ ಹ್ಯಾಂಡಿಕ್ಯಾಪ್ 18. ಒಟ್ಟು ಹೊಡೆತ ಎಣಿಸುವ ಸ್ಟ್ರೋಕ್ ಪ್ಲೇ ಸ್ಪರ್ಧೆಗೆ ಅದರ 95 ಪ್ರತಿಶತ, 17.

ಈ 17 ಕೈಗೆ ಬಂದ ಮೇಲಿನ ಐದು ನಿಮಿಷವೇ ಇಡೀ ಪದ್ಧತಿಯ ಸುಖ. ಮೊದಲ ಟೀಗೆ (ಹೋಲಿನ ಮೊದಲ ಹೊಡೆತದ ಜಾಗ) ಹೋಗುವ ಮುನ್ನ ಮೋಟು ಪೆನ್ಸಿಲಿನಿಂದ ಕಾರ್ಡಿನ ಮೇಲೆ ಚುಕ್ಕಿ ಇಡುವುದು. ಸ್ಟ್ರೋಕ್ ಇಂಡೆಕ್ಸ್ (ಹೋಲುಗಳ ಕಷ್ಟದ ಕ್ರಮಾಂಕ) 1ರಿಂದ 17ರವರೆಗಿನ ಹೋಲುಗಳ ಚೌಕದ ಮೇಲ್ಮೂಲೆಯಲ್ಲಿ ಒಂದೊಂದು ಚುಕ್ಕಿ, ಅಂದರೆ ಅಲ್ಲಿ ಒಂದು ಹೊಡೆತ ರಿಯಾಯಿತಿ, 18ನೆಯದಕ್ಕೆ ಇಲ್ಲ. ಒಂಬತ್ತರ ಕೋರ್ಸಿನಲ್ಲಿ ಮೊದಲ ಸುತ್ತಿಗೆ ಬೆಸ ಅಂಕಿ, ಎರಡನೆಯ ಸುತ್ತಿಗೆ ಸಮ ಅಂಕಿ. ಹಾಗಾಗಿ ಅದೇ ಹೋಲು ಮುಂಜಾನೆ 7 ಆಗಿದ್ದು ಒಂದೂವರೆ ತಾಸಿನ ಮೇಲೆ 8 ಆಗಿರುತ್ತದೆ. ಚುಕ್ಕಿ ಇಟ್ಟವರಿಗೆ ಆಟದ ನಡುವೆ ಲೆಕ್ಕದ ಗೊಂದಲವಿಲ್ಲ. ಇಡದವರು ಹನ್ನೆರಡನೇ ಹೋಲಿನಲ್ಲಿ "ಇಲ್ಲಿ ನನಗ ಸ್ಟ್ರೋಕ್ ಐತೇನ್ರೀ?" ಅಂತ ಕೇಳುತ್ತಾರೆ, ಅದೂ ಎದುರಾಳಿ ಪಟ್ ಹೊಡೆಯುವಾಗ.

ಎರಡನೆಯ ಸುಖ ನೆಟ್ ಡಬಲ್ ಬೋಗಿ, ಅಂದರೆ ಒಂದು ಹೋಲಿಗೆ ಹ್ಯಾಂಡಿಕ್ಯಾಪ್ ಲೆಕ್ಕದಲ್ಲಿರುವ ಮಿತಿ: ಪಾರಿನ ಮೇಲೆ 2, ಜೊತೆಗೆ ಚುಕ್ಕಿಯ ಹೊಡೆತ. ಚುಕ್ಕಿ ಇರುವ ಪಾರ್ 4ರಲ್ಲಿ 9 ಹೊಡೆದರೂ ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಹೋಗುವುದು 4 ಕೂಡಿಸು 2 ಕೂಡಿಸು 1, ಅಂದರೆ 7. ಒಂದು ಕೆಟ್ಟ ಹೋಲು ಇಂಡೆಕ್ಸನ್ನು ಹಾಳು ಮಾಡುವುದಿಲ್ಲ. ಎರಡು ಕಡೆ ಜನ ಎಡವುತ್ತಾರೆ. ಈ ಮಿತಿಗೆ ನೋಡಬೇಕಾದ್ದು ಕೋರ್ಸ್ ಹ್ಯಾಂಡಿಕ್ಯಾಪ್ 18, ಸ್ಪರ್ಧೆಯ 17 ಅಲ್ಲ. ಇನ್ನು ಸ್ಟ್ರೋಕ್ ಪ್ಲೇ ಫಲಿತಾಂಶಕ್ಕೆ 9 ಅಂದರೆ 9ನೇ, ಅಲ್ಲಿ ರಿಯಾಯಿತಿ ಇಲ್ಲ.

2024ರ ತಿದ್ದುಪಡಿ ನಮ್ಮಂಥ ಕಡೆಗೇ ಬರೆದ ಹಾಗಿದೆ. ಮುಂಜಾನೆ ಒಂಬತ್ತು ಆಡಿ ಆಫೀಸಿಗೆ ಓಡುವವರ ಕಾರ್ಡು ಇನ್ನೊಂದು ಒಂಬತ್ತಿಗಾಗಿ ಕಾಯುತ್ತ ಕೂರುವುದಿಲ್ಲ. ಉಳಿದರ್ಧಕ್ಕೆ ಅವರ ಇಂಡೆಕ್ಸಿಗೆ ತಕ್ಕ ನಿರೀಕ್ಷಿತ ಅಂಕಿ ಸೇರಿ ಅಂದೇ ಪೂರ್ತಿ ಕಾರ್ಡಾಗುತ್ತದೆ.

ಇಷ್ಟಾದ ಮೇಲೆ ಜಗಳ. ಕೋರ್ಸ್ ರೇಟಿಂಗ್ ಅಳೆಯುವುದು ಸಾಮಾನ್ಯ ದಿನದ ನೆಲಕ್ಕೆ. ನಮ್ಮ ಎರೆ ಭೂಮಿಗೆ ಸಾಮಾನ್ಯ ದಿನ ಅನ್ನುವುದೇ ಕಡಿಮೆ. ಏಪ್ರಿಲಿನಲ್ಲಿ ನೆಲ ಬಿರುಕು ಬಿಟ್ಟು ಗಟ್ಟಿಯಾಗಿ, ಅರ್ಧಂಬರ್ಧ ತಾಗಿದ ಡ್ರೈವ್ ಕೂಡ ಉರುಳುತ್ತ ಹೋಗುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಬಾಲು ಬಿದ್ದಲ್ಲೇ ಹೂತು ನಿಲ್ಲುತ್ತದೆ, ಬೂಟಿಗೆ ಮೆತ್ತಿದ ಮಣ್ಣು ಹೆಜ್ಜೆಗೊಮ್ಮೆ ಭಾರವಾಗುತ್ತದೆ. 88 ಹೊಡೆಯುವವರು 95 ಹೊಡೆಯುತ್ತಾರೆ. ಡಿಫರೆನ್ಷಿಯಲ್, ಅಂದರೆ ಕೋರ್ಸಿನ ಕಷ್ಟ ಲೆಕ್ಕ ಹಾಕಿ ಕಾರ್ಡಿಗೆ ಬರುವ ಅಂಕಿ (ಎಂಟರ ಸರಾಸರಿ ಇದರದೇ), 18.8 ಇದ್ದದ್ದು 25.5.

ವಾರಕ್ಕೆ ಮೂರು ದಿನ ಆಡುವವರು ಏಳು ವಾರದಲ್ಲಿ 20 ಮಳೆ ಕಾರ್ಡ್ ತುಂಬಿಸುತ್ತಾರೆ. ಬೇಸಿಗೆಯ ಒಳ್ಳೆಯ ಕಾರ್ಡು ಒಂದೂ ಉಳಿಯುವುದಿಲ್ಲ, ಇಂಡೆಕ್ಸ್ ಏರುತ್ತದೆ. ವಾರಕ್ಕೊಮ್ಮೆ ಆಡುವವರಿಗೆ ಜೂನ್ ನಡುವಿನಿಂದ ಸೆಪ್ಟೆಂಬರ್ ಕೊನೆಯವರೆಗೆ 15 ಕಾರ್ಡ್, ಬೇಸಿಗೆಯ 5 ಒಳಗೇ ಕೂತಿರುತ್ತವೆ. ಒಳ್ಳೆಯ ಎಂಟರಲ್ಲಿ ಆ ಐದೂ ಬಂದು ಇಂಡೆಕ್ಸನ್ನು ಕೆಳಗೆ ಹಿಡಿಯುತ್ತವೆ. ಮಳೆಯಲ್ಲಿ ಮನೆಯಲ್ಲಿದ್ದವರ ಅಂಕಿಯಂತೂ ಕದಲುವುದೇ ಇಲ್ಲ.

ಏರಿಕೆಗೆ ಕಡಿವಾಣ ಇದೆ, ನಿಜ. ವರ್ಷದೊಳಗಿನ ಕನಿಷ್ಠ ಇಂಡೆಕ್ಸಿಗಿಂತ 3.0 ಮೇಲೆ ಹೋದರೆ ಮುಂದಿನದರಲ್ಲಿ ಅರ್ಧ ಮಾತ್ರ, 5.0ಕ್ಕೆ ಪೂರ್ತಿ ತಡೆ. ಆದರೆ ಕನಿಷ್ಠ 14.2 ಇದ್ದವರ ಎಂಟರ ಸರಾಸರಿ 19.6ಕ್ಕೆ ಏರಿದರೆ, ಈ ತಡೆ ದಾಟಿಯೂ 18.4 ಸಿಗುತ್ತದೆ. ಮೇಲಿನ ಕೋರ್ಸಿನಲ್ಲಿ ಸ್ಪರ್ಧೆಯ ಹ್ಯಾಂಡಿಕ್ಯಾಪ್ 13ರ ಬದಲು 17. ದಸರೆ ಕಪ್ಪಿನ ಹೊತ್ತಿಗೆ ನೆಲ ಒಣಗಿರುತ್ತದೆ, ನಾಲ್ಕು ಸ್ಟ್ರೋಕ್ ಪುಕ್ಕಟೆ. ಇದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ, ಅದೇ ಸಿಟ್ಟು ಬರಿಸುವುದು. ಒಳ್ಳೆಯ ಸ್ಕೋರ್ ಬಂದ ದಿನ "ಇವತ್ತಿಂದು ಲೆಕ್ಕಕ್ಕ ಹಿಡೀಬ್ಯಾಡ್ರಿ ಸರ, ಸುಮ್ನ ಬಂದಿದ್ದೆ" ಅಂತ ಕಾರ್ಡ್ ಜೇಬಿಗಿಳಿಸುವವರಿಗಾದರೆ ಮದ್ದು ಇದೆ. ಅವರ ದಾಖಲೆಯ ಅತಿ ಕಡಿಮೆ ಡಿಫರೆನ್ಷಿಯಲನ್ನೇ ದಂಡವಾಗಿ ಹಾಕುವ ಅಧಿಕಾರ ಹ್ಯಾಂಡಿಕ್ಯಾಪ್ ಕಮಿಟಿಗೆ ಉಂಟು.

ಮಳೆಗೂ ಮದ್ದು ಪದ್ಧತಿಯ ಒಳಗೇ ಇದೆ, ಹೆಸರು ಪಿಸಿಸಿ (ಪ್ಲೇಯಿಂಗ್ ಕಂಡೀಷನ್ಸ್ ಕ್ಯಾಲ್ಕ್ಯುಲೇಷನ್). ಆ ದಿನ ಎಲ್ಲರೂ ನಿರೀಕ್ಷೆಗಿಂತ ಕೆಟ್ಟದಾಗಿ ಆಡಿದ್ದರೆ ಗಣಕವೇ ನೆಲದ ಮೇಲೆ ತಪ್ಪು ಹೊರಿಸಿ 1ರಿಂದ 3ರವರೆಗೆ ಸರಿಪಡಿಸುತ್ತದೆ. 2 ಬಂದರೆ ಆ 25.5 ಇಳಿದು 23.6 ಆಗುತ್ತದೆ. ಷರತ್ತು ಒಂದೇ: ಇಂಡೆಕ್ಸ್ 36.0 ಅಥವಾ ಅದರೊಳಗಿನ ಕನಿಷ್ಠ 8 ಆಟಗಾರರ ಕಾರ್ಡು ಆ ಒಂದೇ ದಿನ ಬಂದಿರಬೇಕು. ಏಳು ಬಂದರೆ ಪಿಸಿಸಿ ಸೊನ್ನೆ, ಕೆರೆಯಲ್ಲಿ ಆಡಿದ್ದರೂ ಸೊನ್ನೆ. ದೊಡ್ಡ ಊರಿನ ಕ್ಲಬ್ಬುಗಳಿಗೆ ಎಂಟು ಅಂದರೆ ಮುಂಜಾನೆಯ ಮೊದಲ ಅರ್ಧ ತಾಸು. ಇಲ್ಲಿ ಜುಲೈ ತಿಂಗಳ ಬುಧವಾರ ಎಂಟು ಜನ ಸಿಗುವುದೇ ಕಷ್ಟ.

ಹಾಗಾಗಿ ಕಮಿಟಿಗಳು ಮಾಡಿದರೆ ಕೆಲಸಕ್ಕೆ ಬರುವಂಥವು ಇವು. ಮಳೆಗಾಲದ ಬಿಡಿ ಆಟಗಳನ್ನು ರವಿವಾರದ ಒಂದು ಮೆಡಲ್ ಸುತ್ತಿಗೆ (ಸ್ಟ್ರೋಕ್ ಪ್ಲೇ ಸ್ಪರ್ಧೆ) ಎಳೆದು ತರುವುದು, ಎಂಟು ದಾಟುವುದು ಅಲ್ಲಿಯೇ. ಫೇರ್‌ವೇಯಲ್ಲಿ ಬಾಲು ಎತ್ತಿ ಒರೆಸಿ ಇಡುವ ಪ್ರಿಫರ್ಡ್ ಲೈ ನಿಯಮವನ್ನು ಜೂನಿನಲ್ಲೇ ಹಲಗೆಗೆ ಅಂಟಿಸುವುದು, ಆ ನಿಯಮದಡಿ ಆಡಿದ ಕಾರ್ಡೂ ಹ್ಯಾಂಡಿಕ್ಯಾಪಿಗೆ ನಡೆಯುತ್ತದೆ. ದಸರೆ ಸ್ಪರ್ಧೆಗೆ ಹತ್ತು ದಿನ ಮುಂಚೆ, ಕನಿಷ್ಠಕ್ಕಿಂತ 3.0 ಮೇಲೆ ಇರುವವರ ಪಟ್ಟಿ ತೆಗೆದು ಒಬ್ಬೊಬ್ಬರದೂ ನೋಡುವುದು. ಕಮಿಟಿ ಇಂಡೆಕ್ಸ್ ತಿದ್ದುವುದಾದರೆ ಕನಿಷ್ಠ 1.0 ತಿದ್ದಬೇಕು, ದಶಮಾಂಶದ ಚಿಲ್ಲರೆ ಸಂಧಾನಕ್ಕೆ ನಿಯಮದಲ್ಲಿ ಜಾಗವಿಲ್ಲ.

ಜೋಡಿ ಆಟದ ಬಗ್ಗೆ ಒಂದೇ ಮಾತು. ಪ್ರತಿ ಹೋಲಿಗೆ ಜೋಡಿಯಲ್ಲಿ ಒಳ್ಳೆಯವರ ಸ್ಕೋರ್ ಹಿಡಿಯುವ ಫೋರ್‌ಬಾಲ್ ಸ್ಟ್ರೋಕ್ ಪ್ಲೇಗೆ 85 ಪ್ರತಿಶತ. 24ರವರಿಗೆ 20, 8ರವರಿಗೆ 7. "ಎಲ್ಲಾರಿಗೂ ಪೂರ್ತಿ ಕೊಡ್ರಿ, ಖುಷಿ ಆಗಲಿ" ಅಂದರೆ ಖುಷಿಯಾಗುವುದು ದೊಡ್ಡ ಹ್ಯಾಂಡಿಕ್ಯಾಪಿನ ಜೋಡಿಗೆ ಮಾತ್ರ.

ದುಡ್ಡಿನ ತಕರಾರಿಲ್ಲ, ನಮ್ಮಲ್ಲಿ ಇದು ಸದಸ್ಯತ್ವದೊಳಗೇ ಬರುತ್ತದೆ. ಐದಕ್ಕೆ ಮೂರೂವರೆ ನಕ್ಷತ್ರ. ಕಡಿಮೆಯಾದ ಒಂದೂವರೆಯಲ್ಲಿ ಅರ್ಧ ಪದ್ಧತಿಯದು, ಒಂದು ನಮ್ಮದೇ. ಯಾಕೆಂದರೆ ಪಿಸಿಸಿ ಲೆಕ್ಕ ಅಂದಿನ ರಾತ್ರಿಯೇ ಮುಗಿಯುತ್ತದೆ. ಮಳೆಯ ರವಿವಾರ ಹನ್ನೊಂದು ಜನ ಆಡಿ, ಆರು ಜನ ಅಂದೇ ಕಾರ್ಡ್ ಹಾಕಿ, ಉಳಿದ ಐವರು ಒದ್ದೆ ಕಾರ್ಡನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಒಣಗಲಿಟ್ಟು ಸೋಮವಾರ ಹಾಕಿದರೆ, ಆ ಐದು ಎಣಿಕೆಗೆ ಸೇರುವುದಿಲ್ಲ. ಮಾರ್ಕರ್ (ನಿಮ್ಮ ಸ್ಕೋರ್ ಬರೆದುಕೊಳ್ಳುವವರು) ಸಹಿ ಮಾಡಿದ ಕೂಡಲೇ, ಗಿರ್ಮಿಟ್-ಮಿರ್ಚಿ ತಟ್ಟೆ ಬರುವುದರೊಳಗೆ, ಬೆರಳಿಗೆ ಎಣ್ಣೆ ಹತ್ತುವ ಮುಂಚೆ ಹದಿನೆಂಟೂ ಅಂಕಿ ಫೋನಿಗೆ ಹೊಡೆದುಬಿಡಿ.