ಹ್ಯಾಂಡಲ್ ನಡುಕಕ್ಕೆ ಸ್ಪಂಜು, ಗ್ಲೌಸ್, ಬಾರ್ ಎಂಡ್: ಮೂರನ್ನೂ ಬಳಸಿ ನೋಡಿದ ಮೇಲೆ

ಕೆಲಸದ ನಿಮಿತ್ತ ದಾವಣಗೆರೆ ಮತ್ತು ಚಿತ್ರದುರ್ಗದ ನಡುವೆ ಸಿಂಗಲ್ ಸಿಲಿಂಡರ್ ಬೈಕಿನಲ್ಲೇ ಓಡಾಡುವ ನನಗೆ ಬಲಗೈ ಜೋಮು ಹಿಡಿಯುವುದರಿಂದ ಬಿಡುಗಡೆ ಕೊಟ್ಟಿದ್ದು ಹ್ಯಾಂಡಲ್ ತುದಿಗೆ ಕೂರಿಸುವ ಉಕ್ಕಿನ ತೂಕಗಳು, ಅಂದರೆ ಬಾರ್ ಎಂಡ್‌ಗಳು. ಅವಕ್ಕೂ ಮೊದಲು ಗ್ರಿಪ್ ಮೇಲೆ ತೊಡಿಸುವ ಸ್ಪಂಜಿನ ಕವರನ್ನೂ ಜೆಲ್ ಪ್ಯಾಡ್ ಇರುವ ಗ್ಲೌಸನ್ನೂ ಇದೇ ರಸ್ತೆಯಲ್ಲಿ ಬಳಸಿದ್ದೇನೆ. ಮೂರರಲ್ಲಿ ಒಂದಕ್ಕೆ ಮಾತ್ರ ದುಡ್ಡು ಹಾಕುವುದಾದರೆ ಬಾರ್ ಎಂಡ್‌ಗೇ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಈ ಎರಡು ಊರುಗಳ ನಡುವಿನ ದಾರಿ ಸುಮಾರು 60 ಕಿಲೋಮೀಟರ್. ಆನಗೋಡು ದಾಟಿದ ಮೇಲೆ ಒಂದೇ ವೇಗದಲ್ಲಿ ಸಾಗುವುದರಿಂದ ಎಂಜಿನ್ ಕೂಡ ಒಂದೇ ಲಯದಲ್ಲಿ ಓಡುತ್ತದೆ. 6,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 6,000 ಸುತ್ತು ಎಂದರೆ ಪಿಸ್ಟನ್ ಸೆಕೆಂಡಿಗೆ 100 ಸಲ ಮೇಲೆ ಕೆಳಗೆ ಆಡುತ್ತದೆ. ಆ ಹೊಡೆತವೆಲ್ಲ ಫ್ರೇಮಿನ ಮೂಲಕ ಹ್ಯಾಂಡಲ್ ಪೈಪಿಗೆ ಬರುತ್ತದೆ. ಭರಮಸಾಗರ ಬರುವಷ್ಟರಲ್ಲಿ ನನ್ನ ಹೆಬ್ಬೆರಳು, ತೋರುಬೆರಳು ಮರಗಟ್ಟುತ್ತಿದ್ದವು. ಎಡಗೈಯನ್ನಾದರೂ ಆಗಾಗ ಬಿಟ್ಟು ಕೊಡವಿಕೊಳ್ಳಬಹುದು, ಆಕ್ಸಿಲರೇಟರ್ ಹಿಡಿದ ಬಲಗೈಗೆ ಆ ಬಿಡುವಿಲ್ಲ.

ಸ್ಪಂಜಿನ ಕವರ್ ಅಗ್ಗ, ಯಾವ ಅಂಗಡಿಯಲ್ಲೂ ಸಿಗುತ್ತದೆ, ಮೊದಲ ದಿನ ಕೈಗೆ ಹಿತವಾಗಿಯೂ ಇರುತ್ತದೆ. ಆದರೆ ಅದರ ತೊಂದರೆಯನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ಕೇವಲ ಕಿರಿಕಿರಿಯಲ್ಲ, ಅಪಾಯ. ಕವರ್ ಕೂರುವುದು ಹಳೆಯ ರಬ್ಬರ್ ಗ್ರಿಪ್ಪಿನ ಮೇಲೆ. ಮಳೆಯಲ್ಲಿ ನೆನೆದರೆ ಅಥವಾ ಅಂಗೈ ಬೆವರು ಹೀರಿದರೆ ಅದು ರಬ್ಬರಿನ ಮೇಲೆ ಜಾರಿ ತಿರುಗಲು ಶುರುವಾಗುತ್ತದೆ. ಲಾರಿಯೊಂದನ್ನು ಹಿಂದಿಕ್ಕಲು ಕೈ ತಿರುಗಿಸಿದರೆ ಸ್ಪಂಜು ಮಾತ್ರ ತಿರುಗುತ್ತದೆ, ವೇಗ ಏರುವುದಿಲ್ಲ. ಆಗ ಸಹಜವಾಗಿಯೇ ಹಿಡಿತ ಬಿಗಿಯಾಗುತ್ತದೆ. ಹಿಡಿತ ಬಿಗಿಯಾದಷ್ಟೂ ನಡುಕ ಕೈಗೆ ಹೆಚ್ಚು ಹತ್ತುತ್ತದೆ.

ಇನ್ನೂ ಕೆಟ್ಟದ್ದು ಬೇರೆಯಿದೆ. ಜಾರುತ್ತ ಜಾರುತ್ತ ಕವರಿನ ಹೊರ ಅಂಚು ಹ್ಯಾಂಡಲಿನ ತುದಿಗೆ ಒತ್ತಿಕೊಂಡು, ಆಕ್ಸಿಲರೇಟರ್ ಬಿಟ್ಟಾಗ ತಟ್ಟನೆ ಹಿಂದಕ್ಕೆ ಬರಬೇಕಾದ್ದು ನಿಧಾನವಾಗಿ ಬರತೊಡಗಿತು. ಅಂಗಡಿಯವರ ಸಲಹೆಯಂತೆ ಅಂಟು ಹಾಕಿ ಕೂರಿಸಿದೆವು. ಏಪ್ರಿಲ್ ಬಿಸಿಲಿನಲ್ಲಿ ನಿಂತ ಬೈಕಿನ ಮೇಲೆ ಆ ಅಂಟೂ ನಿಲ್ಲಲಿಲ್ಲ; ಸ್ಪಂಜು ಪುಡಿಯಾಗಿ ಕಪ್ಪು ಚೂರುಗಳು ಅಂಗೈಗೆ ಮೆತ್ತುತ್ತಿದ್ದವು. ಕವರ್ ಹಾಕಿಯೇ ತೀರುತ್ತೇನೆನ್ನುವವರು ಎಂಜಿನ್ ಆರಿಸಿ, ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ನೇರಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಪ್ರತಿ ಸಲವೂ ಆಕ್ಸಿಲರೇಟರ್ ತಿರುವಿ ಬಿಟ್ಟು ನೋಡಬೇಕು. ತಾನಾಗಿ ಹಿಂದಕ್ಕೆ ಬರದಿದ್ದರೆ ಆ ಕವರನ್ನು ಅಲ್ಲೇ ಕಿತ್ತುಹಾಕುವುದು ಒಳಿತು.

ಗ್ಲೌಸಿನ ಗುಣ ಬೇರೆ. ಕಿರುಬೆರಳಿನ ಕೆಳಗೆ, ಮಣಿಕಟ್ಟಿನ ಬಳಿ ಅಲ್ನರ್ ನರ ಹಾದುಹೋಗುತ್ತದೆ. ಅಲ್ಲಿ ಜೆಲ್ ಇದ್ದರೆ ಒತ್ತಡ ಹಂಚಿಹೋಗಿ ಕಿರುಬೆರಳು, ಉಂಗುರಬೆರಳಿಗೆ ಆರಾಮವೆನಿಸುತ್ತದೆ. ಆದರೆ ಒತ್ತಡ ಬೇರೆ, ನಡುಕ ಬೇರೆ. ಇಂಥ ಮೆತ್ತೆಗಳು ತಡೆಯುವುದು ಹೆಚ್ಚಾಗಿ ಅತಿ ವೇಗದ ಕಂಪನವನ್ನು. ನಮ್ಮ ಬೈಕುಗಳ ಸೆಕೆಂಡಿಗೆ ನೂರರ ಆಸುಪಾಸಿನ ನಡುಕಕ್ಕೆ ಅವುಗಳ ತಡೆ ಅಷ್ಟಕ್ಕಷ್ಟೆ. ಅಂಗೈಯ ಮೆತ್ತೆ ತೀರಾ ದಪ್ಪವಿದ್ದರೆ ಗ್ರಿಪ್ ಹಿಡಿಯಲು ಹೆಚ್ಚು ಬಲ ಬೇಕಾಗಿ ಮುಂಗೈ ಸೋಲುತ್ತದೆ. ಗಾಡಿಯಿಂದ ಇಳಿದ ಮೇಲೂ ಜೋಮು ಹೋಗದಿದ್ದರೆ ಅಥವಾ ರಾತ್ರಿ ಜೋಮಿನಿಂದ ಎಚ್ಚರವಾಗುತ್ತಿದ್ದರೆ ವೈದ್ಯರನ್ನೇ ಕಾಣಬೇಕು.

ಬಾರ್ ಎಂಡ್ ಕೆಲಸ ಮಾಡುವುದು ಪೈಪಿನ ಮೇಲೆಯೇ. ತುದಿಗೆ ತೂಕ ಬಿದ್ದಾಗ ಪೈಪ್ ತಾನಾಗಿ ಅದುರುವ ವೇಗ ಕೆಳಗಿಳಿಯುತ್ತದೆ, ಅದುರಾಟದ ಅಳತೆಯೂ ತಗ್ಗುತ್ತದೆ. ನನಗೆ ಇದು ಕೈಗಿಂತ ಮೊದಲು ತಿಳಿದದ್ದು ಕನ್ನಡಿಯಲ್ಲಿ: ಹಿಂದಿನ ಲಾರಿ ಬರೀ ಕಲಸಿದ ಬಣ್ಣವಾಗಿ ಕಾಣುತ್ತಿದ್ದುದು ಈಗ ಅದರ ನಂಬರ್ ಪ್ಲೇಟಿನ ಅಂಚೂ ಗೆರೆಯಂತೆ ಕಾಣುತ್ತದೆ. ನಡುಕ ಪೂರ್ತಿ ಮಾಯವಾಗಿಲ್ಲ, ಮೂರನೇ ಗೇರಿನ ನಿಧಾನ ಓಟದಲ್ಲಿ ಸ್ವಲ್ಪ ಹೊಸದಾಗಿ ಕಾಣಿಸಿಕೊಂಡಿದೆ. ಹೆದ್ದಾರಿಯ ವೇಗದಲ್ಲಿ ಇಲ್ಲದಿರುವುದೇ ನನಗೆ ಮುಖ್ಯ.

ಕೊಳ್ಳುವಾಗ ಕೈಯಲ್ಲಿ ಹಿಡಿದು ತೂಗಿ ನೋಡಬೇಕು. ಬಣ್ಣಬಣ್ಣದ ಅಲ್ಯೂಮಿನಿಯಂ ತುಂಡುಗಳು ಚೆಂದ, ಆದರೆ ಅದೇ ಗಾತ್ರದ ಉಕ್ಕಿನ ಮೂರನೇ ಒಂದು ಭಾಗದಷ್ಟು ತೂಗುತ್ತವೆ. ಬಲಗಡೆ ಗ್ರಿಪ್ಪಿಗೂ ತೂಕಕ್ಕೂ ಒಂದೆರಡು ಮಿಲಿಮೀಟರ್ ಸಂದು ಬಿಡಿಸಬೇಕು. ದಾವಣಗೆರೆಯ ಮಂಡಿಪೇಟೆಯ ಸಂದಣಿಯಲ್ಲಿ ಹ್ಯಾಂಡಲ್ ತುಸು ಅಗಲವಾಗಿದ್ದು ನೆನಪಿರಬೇಕು, ಅಷ್ಟೇ.

ನಾನು ಕೊಟ್ಟದ್ದು ಸ್ಪಂಜಿಗೆ 200, ಗ್ಲೌಸಿಗೆ 1,800, ಕೂಲಿ ಸೇರಿ ಬಾರ್ ಎಂಡ್‌ಗೆ 900 ರೂಪಾಯಿ. ಯಾವುದನ್ನೇ ಕೊಳ್ಳುವ ಮೊದಲು ಎಂಜಿನ್ ಮೌಂಟಿಂಗ್ ಬೋಲ್ಟ್, ಚೈನ್, ಟೈರಿನ ಗಾಳಿ ಪರೀಕ್ಷಿಸಿಕೊಳ್ಳಿ. ಹರಿಹರದವರೆಗೆ ಹೋಗಿ ಬರುವವರಿಗೆ, ಊರೊಳಗೇ ಓಡಾಡುವವರಿಗೆ ತೆಳು ಮೆತ್ತೆಯ ಗ್ಲೌಸ್ ಸಾಕಾದೀತು. ನನ್ನಂತೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಹೋಗುವವರು ಮೊದಲು ಉಕ್ಕಿನ ಬಾರ್ ಎಂಡ್ ಹಾಕಿಸಿ, ಗ್ಲೌಸಿನ ಮಾತನ್ನು ಮುಂದಿನ ತಿಂಗಳ ಸಂಬಳಕ್ಕೆ ಬಿಡಬಹುದು.